ಡೈನಮೋ ಹೋದ ಮೇಲೆ

೬ ಜನವರಿ ೧೯೯೪, ಗುರುವಾರ

ಔಷಧ ಕಂಪನಿಯವರು ಡಾಕ್ಟರರಿಗೆ ಕೊಟ್ಟ ಡೈರಿ ಡಾಕ್ಟರರಿಂದ ಕಂಪೌಂಡರನ ಕೈಗೆ, ಅವನಿಂದ ನನ್ನ ಕೈಗೆ ಬಂದಿದೆ. ಪ್ರತಿ ಪುಟದ ಅಡಿಗೂ ಆಮ್ಲಪಿತ್ತದ ಗುಳಿಗೆಯ ಜಾಹೀರಾತು. ಖಾಲಿ ಪುಟ ನೋಡಿದರೆ ಕೈ ತುರಿಸುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವನು ನಾನು, ಶ್ರೀಪಾಲ. ಆಮೇಲೆ ಕೈಗೆ ಸ್ಟೇರಿಂಗ್ ಬಂತು, ಪೆನ್ನು ಹೋಯಿತು. ನಮ್ಮ ಮನೆಯಲ್ಲಿ ಕನ್ನಡ ಓದಲು ಬರುವವನು ನಾನೊಬ್ಬನೇ. ಹೆಂಡತಿ ತ್ರಿಶಲಾ ಮರಾಠಿ ಸಾಲೆಯವಳು. ಮಗಳು ಸೋನಲಳನ್ನು ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಅವ್ವನಿಗೆ ಅಕ್ಷರದ ಗೊಡವೆಯೇ ಇಲ್ಲ. ಹೀಗಾಗಿ ಇಲ್ಲಿ ಬರೆದದ್ದು ತಿಜೋರಿಯಲ್ಲಿಟ್ಟ ಹಾಗೆ.

ದಿನಾ ಬೆಳಿಗ್ಗೆ ನಮ್ಮೂರು ಖಂಡೇರಾಜುರಿಯಿಂದ ಮಿರಜಕ್ಕೆ ಬಂದು, ದವಾಖಾನೆಯ ಮುಂದೆ ನನ್ನ ಡೀಸೆಲ್ ಜೀಪು ನಿಲ್ಲಿಸಿಕೊಂಡು ಕೂರುವುದು ನನ್ನ ಉದ್ಯೋಗ. ಈ ಎರಡು ವರ್ಷದಲ್ಲಿ ಮಿರಜದಲ್ಲಿ ಅಂಗಡಿಗಿಂತ ನರ್ಸಿಂಗ್ ಹೋಮ್ ಹೆಚ್ಚಾಗಿವೆ, ಒಂದೊಂದರ ಪಕ್ಕಕ್ಕೂ ಒಂದು ಎಸ್‌ಟಿಡಿ ಬೂತು. ಕರ್ನಾಟಕದ ಕಡೆಯ ರೋಗಿಗಳು ರೈಲಿನಲ್ಲಿ ಬರುತ್ತಾರೆ, ಗುಣವಾದವರು ರೈಲಿನಲ್ಲೇ ಹೋಗುತ್ತಾರೆ. ನನ್ನ ಪಾಲಿಗೆ ಬರುವವರೇ ಬೇರೆ. ಇನ್ನು ನಮ್ಮ ಕೈಯಲ್ಲಿಲ್ಲ, ಮನೆಗೆ ಒಯ್ಯಿರಿ ಎಂದು ಡಾಕ್ಟರರು ಹೇಳಿದವರು. ಅವರನ್ನು ಉಸಿರು ಇರುವಾಗಲೇ ಹೊಸ್ತಿಲು ದಾಟಿಸಬೇಕು. ದಾರಿಯಲ್ಲಿ ಜೀವ ಹೋದರೆ ಊರೊಳಗೆ ತರಲು ಬಿಡದವರಿದ್ದಾರೆ, ಸೀಮೆಯಿಂದಲೇ ಸುಡುಗಾಡಿಗೆ ತಿರುಗಿಸುತ್ತಾರೆ.

ಅದಕ್ಕೇ ನಮ್ಮ ಡ್ರೈವರ್ ಮಂದಿಯಲ್ಲಿ ಒಂದು ಕಟ್ಟಳೆ ಇದೆ. ರೋಗಿಯನ್ನು ಮನೆಯೊಳಗೆ ಇಳಿಸುವ ತನಕ ಎಂಜಿನ್ ಬಂದ್ ಮಾಡಬಾರದು. ಚಹಾಕ್ಕೆ ನಿಂತರೂ ಗಾಡಿ ಗುರುಗುಡುತ್ತಲೇ ಇರಬೇಕು. ಯಾವ ಪುಣ್ಯಾತ್ಮ ಹಚ್ಚಿಕೊಟ್ಟನೋ, ಎಲ್ಲರೂ ಪಾಲಿಸುತ್ತಾರೆ. ನನಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. ಎಂಜಿನ್ ಚಾಲೂ ಇದ್ದರೂ ಹತ್ತರಲ್ಲಿ ಮೂರು ಮಂದಿ ದಾರಿಯಲ್ಲೇ ಹೋಗುತ್ತಾರೆ. ಆದರೂ ಹಿಂದೆ ಕೂತ ಮನೆಯವರ ಸಮಾಧಾನಕ್ಕೆ ನಾನೂ ಪಾಲಿಸುತ್ತೇನೆ.

ಮಧ್ಯಾಹ್ನ ಡಬ್ಬಿಯಲ್ಲಿ ಝುಣಕ, ಶೇಂಗಾ ಚಟ್ನಿ, ನಾಲ್ಕು ಜೋಳದ ರೊಟ್ಟಿ ಇದ್ದವು. ನಾಲ್ಕೂ ಮುಗಿಸಿ ಪಕ್ಕದ ಗಾಡಿಯವನ ಡಬ್ಬಿಯ ಕಡೆ ಕಣ್ಣು ಹಾಕಿದೆ. ಅವನು ಮುಚ್ಚಳ ಹಾಕಿಕೊಂಡ.

೧೧ ಜನವರಿ, ಮಂಗಳವಾರ

ಇವತ್ತು ಶೇಡಬಾಳದ ಜ್ಯೋತೆಪ್ಪ ಎಂಬ ಮುದುಕರನ್ನು ಒಯ್ದೆ. ಎರಡೂ ಪುಪ್ಪುಸ ಹೋಗಿವೆಯಂತೆ. ಜೊತೆಗೆ ಮಗ ಬಾಳು. ಇವರು ಮೈಸಾಳ ದಾಟುವುದಿಲ್ಲ ಎಂದು ಡಾಕ್ಟರರು ನನ್ನ ಕಿವಿಯಲ್ಲಿ ಹೇಳಿದ್ದರು. ಬಾಳುವಿಗೆ ಅದು ಗೊತ್ತಿರಲಿಲ್ಲ. ಅಕ್ಕ ಗಂಡನ ಮನೆಯಿಂದ ಬಂದು ಕಾಯುತ್ತಿದ್ದಾಳೆ, ಅಪ್ಪ ಅವಳ ಮುಖವೊಂದು ನೋಡಿದರೆ ಸಾಕು ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ.

ಮೈಸಾಳದ ಹತ್ತಿರ ಬಾನೆಟ್ಟಿನಿಂದ ಸುಟ್ಟ ವಾಸನೆ ಬಂತು. ಕಣ್ಣ ಮುಂದೆಯೇ ಚಾರ್ಜಿಂಗಿನ ಕೆಂಪು ದೀಪ ಹತ್ತಿಕೊಂಡಿತು. ಡೈನಮೋ ಹೋಯಿತೆಂದು ತಿಳಿಯಲು ಪಂಡಿತರು ಬೇಕಿಲ್ಲ. ಬೆಲ್ಟು ನೆಟ್ಟಗೆ ತಿರುಗುತ್ತಿತ್ತು, ಒಳಗಿನ ಸುರುಳಿ ಸುಟ್ಟಿತ್ತು. ನಿಲ್ಲಿಸಲಿಲ್ಲ. ಮೈಸಾಳ ದಾಟಿತು, ಕಾಗವಾಡ ದಾಟಿತು. ಶೇಡಬಾಳದಲ್ಲಿ ಇಳಿಸಿದಾಗಲೂ ಮುದುಕರ ಎದೆ ಏರಿ ಇಳಿಯುತ್ತಿತ್ತು. ಮಗಳು ಬಾಯಿಗೆ ನೀರು ಬಿಟ್ಟಳು. ಬಾಳು ನನ್ನ ಎರಡೂ ಕೈ ಹಿಡಿದುಕೊಂಡ.

ಇಳಿಸಿದ ಮೇಲೂ ನಾನು ಗಾಡಿ ಬಂದ್ ಮಾಡಲಿಲ್ಲ. ಬಂದ್ ಮಾಡಿದರೆ ಸೆಲ್ಫ್ ಎತ್ತುತ್ತದೆಯೋ ಇಲ್ಲವೋ, ಧಕ್ಕಾ ಹೊಡೆಯಲು ಸಾವಿನ ಮನೆಯವರನ್ನು ಕರೆಯುವುದು ಹೇಗೆ? ಹಾಗೆಯೇ ಮಿರಜಕ್ಕೆ ತಿರುಗಿಸಿ ಸಾಂಗ್ಲಿ ರಸ್ತೆಯ ನಮ್ಮ ದತ್ತಾತ್ರೇಯನ ಅಂಗಡಿಗೆ ಬಂದೆ. ಗಾಡಿಗಳ ವೈರಿಂಗ್, ಬ್ಯಾಟರಿ, ಡೈನಮೋ ಎಲ್ಲ ಅವನೇ ನೋಡುವವನು, ನನ್ನ ಹಳೆಯ ದೋಸ್ತ. ಬಾನೆಟ್ ಎತ್ತಿ ಮೂಸಿ ನೋಡಿ, ಕೊಲ್ಹಾಪುರದಿಂದ ಹೊಸದು ತರಿಸಬೇಕು, ಮೂರು ದಿನ ಎಂದ. ಅಲ್ಲಿಯ ತನಕ ಗಾಡಿ ಓಡುತ್ತದೆಯೇ ಎಂದು ಕೇಳಿದೆ.

“ಪೆಟ್ರೋಲ್ ಗಾಡಿ ಆಗಿದ್ರ ಬ್ಯಾಟರಿ ತೀರಿದ ಕೂಡ್ಲೆ ಸತ್ತಿರತಿತ್ತು. ಇದು ಡೀಸೆಲ್. ಒಮ್ಮೆ ಚಾಲೂ ಆತಂದ್ರ ಅದಕ್ಕ ಡೈನಮೋನೂ ಬೇಕಿಲ್ಲ, ಬ್ಯಾಟರೀನೂ ಬೇಕಿಲ್ಲ. ಬಂದ್ ಮಾಡಿದ್ರ ಮಾತ್ರ ತಾನಾಗಿ ಏಳಂಗಿಲ್ಲ.”

“ಹಂಗಾದ್ರ ಎಷ್ಟ ದಿನಾ ಓಡತೈತಿ?”

“ಡೀಸೆಲ್ ಹಾಕಕೋತ ಹೋಗು. ನೀ ಬಂದ್ ಮಾಡೂತನಾ ಓಡತೈತಿ,” ಎಂದು ನಕ್ಕ.

೧೨ ಜನವರಿ, ಬುಧವಾರ

ರಾತ್ರಿಯೆಲ್ಲ ಗಾಡಿ ಅಂಗಳದಲ್ಲಿ ಚಾಲೂ ಇತ್ತು. ನಮ್ಮ ಅಂಗಳ ಸಪಾಟು, ಕಪ್ಪು ಮಣ್ಣು. ಬೆಳಿಗ್ಗೆ ಧಕ್ಕಾ ಹೊಡೆಯಬೇಕೆಂದರೆ ನಾಲ್ಕು ಗಂಡಸರನ್ನು ಹುಡುಕಬೇಕು. ಮೂರು ದಿನದ ಮಾತು ಎಂದು ಬಿಟ್ಟೆ. ಅವ್ವ ಬಸದಿಯಿಂದ ಬಂದವಳು, ಮನೆ ಮುಂದೆ ಹಿಟ್ಟಿನ ಗಿರಣಿ ಇಟ್ಟ ಹಾಗಾಗಿದೆ, ಜೋಳ ತರಲೇ ಎಂದು ಕೇಳಿದಳು. ಎಪ್ಪತ್ತೆರಡು ವರ್ಷ, ಬಾಯಿ ಮಾತ್ರ ಇಪ್ಪತ್ತರದು.

ಬ್ಯಾಟರಿ ಇಳಿದು ಹಾರ್ನು ಸತ್ತಿದೆ. ಸೈಕಲ್ ಅಂಗಡಿಯಿಂದ ರಬ್ಬರಿನ ಪೊಂ ಪೊಂ ತಂದು ಕಿಟಕಿಗೆ ಕಟ್ಟಿಕೊಂಡೆ. ಸೋನಲಳಿಗೆ ಅದನ್ನು ಒತ್ತುವುದೇ ಆಟ. ಡೀಸೆಲ್ ಮುಳ್ಳೂ ಕದಲುವುದಿಲ್ಲ, ಟಾಕಿಯಲ್ಲಿ ಕಡ್ಡಿ ಅದ್ದಿ ನೋಡುತ್ತೇನೆ. ಹೆಡ್‌ಲೈಟಿಲ್ಲದ್ದರಿಂದ ಬೆಳಕಿರುವಾಗಲೇ ಮನೆ ಸೇರಬೇಕು. ಅದೊಂದು ಲಾಭ. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ, ತಡವಾಗಿ ಬರುವ ನಾನು ಎಷ್ಟೋ ಸಂಜೆ ಬರೀ ಹೊಟ್ಟೆಯಲ್ಲಿ ಮಲಗುತ್ತಿದ್ದೆ. ಇವತ್ತು ಎಲ್ಲರ ಜೊತೆ ಕೂತು ಕಡಲೆ ಸೊಪ್ಪಿನ ಪಲ್ಯ ಹೊಡೆದೆ.

೧೪ ಜನವರಿ, ಶುಕ್ರವಾರ, ಸಂಕ್ರಾಂತಿ

ಎಳ್ಳುಬೆಲ್ಲ ತಿಂದು ಸಿಹಿ ಮಾತಾಡಬೇಕಾದ ದಿನ. ದತ್ತಾತ್ರೇಯ ಹೊಸ ಡೈನಮೋ ಬಂದಿದೆ, ಗಾಡಿ ತಾ ಎಂದು ಹೇಳಿಕಳುಹಿಸಿದ. ಹೊರಡುವವನಿದ್ದೆ, ಅಷ್ಟರಲ್ಲಿ ಬಾಳು ದವಾಖಾನೆಯ ಮುಂದೆ ನನ್ನನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಎಳ್ಳಿನ ಪೊಟ್ಟಣ. ಜ್ಯೋತೆಪ್ಪನವರು ಇನ್ನೂ ಇದ್ದಾರಂತೆ. ಮಾತಿಲ್ಲ, ಊಟವಿಲ್ಲ, ಆದರೆ ಉಸಿರು ಸರಿಯಾಗಿ ನಡೆದಿದೆ. ಎಲ್ಲ ನಿಮ್ಮ ಗಾಡಿಯ ಪುಣ್ಯ ಎಂದ. ಬುಧವಾರ, ಗುರುವಾರ ಒಯ್ದ ಇಬ್ಬರೂ ಹೊಸ್ತಿಲು ದಾಟಿದ್ದರು. ಅವರ ಸುದ್ದಿಯೂ ಬಂತು. ಅವರೂ ಇದ್ದಾರೆ.

ಡೈನಮೋ ಕೂರಿಸಲು ಅರ್ಧ ತಾಸು ಎಂಜಿನ್ ಬಂದ್ ಮಾಡಬೇಕು. ಇವತ್ತು ಹಬ್ಬ, ಯಾಕೆ ಅವಸರ. ಮುಂದಿನ ವಾರ ನೋಡಿದರಾಯಿತು.

೧೮ ಜನವರಿ, ಮಂಗಳವಾರ

ಮಂದಿಗೆ ಬಾಯಿ ಇದೆ, ಅದನ್ನು ಆಡಿಸುತ್ತಾರೆ. ಬಂದ್ ಮಾಡದ ಗಾಡಿ ಯಾವುದು ಎಂದು ಕೇಳಿಕೊಂಡು ಬರುತ್ತಿದ್ದಾರೆ. ಉಳಿದ ಡ್ರೈವರುಗಳು ನನ್ನನ್ನು ಯಮನ ಸಾಡೂ, ಅಂದರೆ ಷಡ್ಡಕ, ಎಂದು ಕರೆಯುತ್ತಾರೆ. ನಾನೂ ನಗುತ್ತೇನೆ. ಆದರೆ ಏಳು ಮಂದಿಯನ್ನು ಒಯ್ದಿದ್ದೇನೆ, ಏಳೂ ಮಂದಿ ಇದ್ದಾರೆ. ಇದು ನಂಬಿಕೆಯ ಮಾತಲ್ಲ, ಎಣಿಕೆಯ ಮಾತು.

ಒಂದಿಷ್ಟು ಜಾಗ್ರತೆ ಮಾಡಿಕೊಂಡಿದ್ದೇನೆ. ಪಂಪಿನಲ್ಲಿ ಎಂಜಿನ್ ಚಾಲೂ ಇಟ್ಟೇ ಡೀಸೆಲ್ ಹಾಕಿಸುತ್ತೇನೆ. ಆಯಿಲನ್ನೂ ಹಾಗೆಯೇ ಸುರಿಯುತ್ತೇನೆ, ಅಂಗಿಯೆಲ್ಲ ಕಲೆ. ಸೋನಲಳನ್ನು ಮುಂದಿನ ಸೀಟಿಗೆ ಹತ್ತಗೊಡುವುದಿಲ್ಲ, ಮಕ್ಕಳ ಕೈ ಎಲ್ಲಿಗೆ ಬೇಕಾದರೂ ಹೋಗುತ್ತದೆ. ರಾತ್ರಿ ನಾನು ಸೀಟಿನಲ್ಲೇ ಮಲಗುತ್ತೇನೆ. ಮನೆಗಿಂತ ಬೆಚ್ಚಗಿದೆ.

ಒಂದು ಸಂಗತಿ. ಸತ್ತ ಬ್ಯಾಟರಿ ಸುಮ್ಮನೆ ಯಾಕೆ ಹೊರುತ್ತೀ, ಚಾರ್ಜಿಗೆ ಹಾಕಿಡುತ್ತೇನೆ ಎಂದು ದತ್ತಾತ್ರೇಯ ಅದನ್ನು ಕಳಚಿ ಇಟ್ಟುಕೊಂಡ. ಈಗ ಗಾಡಿಯಲ್ಲಿ ಕರೆಂಟು ಹುಟ್ಟಿಸುವುದೂ ಇಲ್ಲ, ಕೂಡಿಡುವುದೂ ಇಲ್ಲ. ಆದರೂ ದಾರಿಯಲ್ಲಿ ಬರುವಾಗ ನೋಡಿದೆ, ಚಾರ್ಜಿಂಗಿನ ಕೆಂಪು ದೀಪ ಉರಿಯುತ್ತಿತ್ತು. ಬಿಸಿಲು ಬಿದ್ದು ಹಾಗೆ ಕಂಡಿತೋ ಎಂದು ಕೈ ಅಡ್ಡ ಹಿಡಿದೆ. ಉರಿಯುತ್ತಿತ್ತು. ದತ್ತಾತ್ರೇಯನಿಗೆ ಹೇಳಲಿಲ್ಲ, ಹೇಳಿದರೆ ವೈರು ಕೆದಕುತ್ತಾನೆ.

೨೧ ಜನವರಿ, ಶುಕ್ರವಾರ

ಒಂಬತ್ತು. ಒಂಬತ್ತೂ ಇದ್ದಾರೆ.

ಪ್ಯಾಂಟಿನ ಪಟ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹೊಡೆದೆ. ಈಗಿನ ಚರ್ಮ ಹಿಗ್ಗಿಬಿಡುತ್ತದೆ. ಡಬ್ಬಿ ಹಾಗೆಯೇ ವಾಪಸು ಬಂತೆಂದು ತ್ರಿಶಲಾ ಮುಖ ಊದಿಸಿಕೊಂಡಿದ್ದಾಳೆ.

೨೪ ಜನವರಿ, ಸೋಮವಾರ

ಉಗಾರಕ್ಕೆ ಒಬ್ಬರನ್ನು ಬಿಟ್ಟು ಬರುವಾಗ ಶೇಡಬಾಳದಲ್ಲಿ ನಿಂತೆ. ಜ್ಯೋತೆಪ್ಪನವರನ್ನು ನೋಡಬೇಕೆನಿಸಿತು. ಗಾಡಿಯನ್ನು ಅವರ ಬಾಗಿಲಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಾಲೂ ಬಿಟ್ಟು ಒಳಗೆ ಹೋದೆ.

ನಡುಮನೆಯಲ್ಲಿ ಮಲಗಿಸಿದ್ದರು. ಹದಿಮೂರು ದಿನದಲ್ಲಿ ಏನೂ ಉಳಿದಿರಲಿಲ್ಲ, ಕೌದಿಯ ಕೆಳಗೆ ಮನುಷ್ಯ ಇದ್ದಾನೆಂದು ಹೇಳಿದರೆ ಮಾತ್ರ ಗೊತ್ತಾಗಬೇಕು. ಎಂಟು ದಿನದಿಂದ ಹನಿ ನೀರೂ ಇಳಿದಿಲ್ಲ ಎಂದಳು ಮಗಳು. ಕಣ್ಣು ತೆರೆದೇ ಇದ್ದವು, ಬಾಗಿಲ ಕಡೆ. ಉಸಿರು ಮಾತ್ರ ನಡೆದಿತ್ತು, ಹೆಚ್ಚಿಲ್ಲ, ಕಡಿಮೆಯಿಲ್ಲ, ಒಂದೇ ಸಮ.

ನಾನು ನೋಡುತ್ತ ನಿಂತಿದ್ದಾಗ ಹೊರಗೆ ಗಾಡಿ ಒಮ್ಮೆ ಕೆಮ್ಮಿತು. ಡೀಸೆಲ್‌ನಲ್ಲಿ ಕಸ ಬಂದರೆ ಹಾಗಾಗುತ್ತದೆ. ಎರಡು ಏಟು ತಪ್ಪಿ ಮತ್ತೆ ಹಿಡಿದುಕೊಂಡಿತು. ಜ್ಯೋತೆಪ್ಪನವರ ಎದೆ ಮೇಲಕ್ಕೆ ಬಂದು ಅಲ್ಲೇ ನಿಂತು, ಆಮೇಲೆ ಇಳಿಯಿತು. ಮಗಳು ನನ್ನನ್ನು ನೋಡಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡಿದೆ.

ಹೊರಗೆ ಬರುವಾಗ ಬಾಳು ಹೇಳಿದ್ದು ಇದು. ಗಾಡಿ ಮಿರಜದಲ್ಲಿರುವ ಹೊತ್ತಿನಲ್ಲೂ ಅವರ ಮನೆ ಮುಂದೆ ಅದರ ಸಪ್ಪಳ ಕೇಳಿಸುತ್ತದಂತೆ. ಮೊದಮೊದಲು ಎದ್ದು ಬಂದು ನೋಡುತ್ತಿದ್ದರಂತೆ, ಈಗ ನೋಡುವುದಿಲ್ಲ. ಓಣಿಯ ನಾಯಿಗಳು ಆ ಜಾಗ ಬಿಟ್ಟು ಸುತ್ತಿ ಹೋಗುತ್ತವಂತೆ. ಹಗಲೆಲ್ಲ ರಸ್ತೆಯಲ್ಲಿ ಟ್ರಕ್ಕು ಓಡಾಡುತ್ತವೆ, ಅದೇ ಇರಬೇಕು ಎಂದೆ. ಅವರ ಮನೆ ರಸ್ತೆಯಿಂದ ಬಹಳ ಒಳಗಿದೆ.

ಬಂದ ಮೇಲೆ ಡೀಸೆಲ್ ಫಿಲ್ಟರಿಗೆ ಕಿವಿಯಿಟ್ಟು ಕೂತೆ. ಮತ್ತೆ ಕೆಮ್ಮಬಾರದು.

೨೭ ಜನವರಿ, ಗುರುವಾರ

ಅವ್ವ ಮುಂಜಾನೆ ಬಸದಿಯ ಮೆಟ್ಟಿಲ ಮೇಲೆ ಕುಸಿದಳು.

ನನ್ನ ದವಾಖಾನೆಗೇ ಒಯ್ದೆ. ಇಷ್ಟು ವರ್ಷ ಹೊರಗೆ ಕೂತವನು ಇವತ್ತು ಒಳಗಿನ ಬೆಂಚಿನ ಮೇಲೆ ಕೂತೆ. ಹೃದಯ ದಣಿದಿದೆ, ಸುಮ್ಮನೆ ನಳಿಕೆ ಹಾಕಿ ಹಿಂಸೆ ಕೊಡುವುದು ಬೇಡ ಎಂದು ಡಾಕ್ಟರರು ಹೇಳಿದರು. ಆಮೇಲೆ ಆ ಮಾತು ಹೇಳಿದರು. ಮನೆಗೆ ಒಯ್ಯಿರಿ ಶ್ರೀಪಾಲ. ನನಗೆ ಅದು ಬಾಯಿಪಾಠ, ಆದರೂ ಅರ್ಥವಾಗಲು ಹೊತ್ತು ಹಿಡಿಯಿತು.

ಬೇರೆ ಗಾಡಿ ಮಾಡೋಣ ಎಂದಳು ತ್ರಿಶಲಾ. ಯಾಕೆ ಎಂದು ಕೇಳಿದರೆ ನಮ್ಮ ಜೀಪಿನ ಕಡೆ ನೋಡದೆ ಸೆರಗು ತಿರುವುತ್ತ ನಿಂತಳು. ನಾನು ಅವ್ವನನ್ನು ಎರಡೂ ಕೈಯಲ್ಲಿ ಎತ್ತಿ ನಮ್ಮದರಲ್ಲೇ ಮಲಗಿಸಿದೆ. ತಗ್ಗು ದಿನ್ನೆ ತಪ್ಪಿಸಿ, ಎತ್ತಿನ ಗಾಡಿಗಿಂತ ಮೆಲ್ಲಗೆ ತಂದೆ. ಹೊಸ್ತಿಲು ದಾಟುವಾಗ ಉಸಿರಿತ್ತು. ಇರುತ್ತದೆಂದು ನನಗೆ ಗೊತ್ತಿತ್ತು.

ಇನ್ನು ಮಿರಜಕ್ಕೆ ಹೋಗುವುದಿಲ್ಲ. ಗಾಡಿ ಅಂಗಳದಲ್ಲೇ ಇರುತ್ತದೆ, ನಾನು ಅದರ ಹತ್ತಿರ.

೨೮ ಜನವರಿ, ಶುಕ್ರವಾರ

ಉಸಿರು ಒಂದೇ ಸಮ ಇದೆ. ಎಂಜಿನ್ನೂ.

೩೦ ಜನವರಿ, ಭಾನುವಾರ

ಅವ್ವ ಮಾತಾಡುವುದಿಲ್ಲ. ತ್ರಿಶಲಾ ಚಮಚದಿಂದ ನೀರು ಬಿಟ್ಟರೆ ಒಂದಿಷ್ಟು ಇಳಿಯುತ್ತದೆ. ಕಣ್ಣು ಬಾಗಿಲ ಕಡೆ, ಅಂಗಳದ ಕಡೆ. ನಾನು ತಾಸಿಗೊಮ್ಮೆ ಹೊಸ್ತಿಲ ತನಕ ಹೋಗಿ ನೋಡಿ ಬರುತ್ತೇನೆ. ಒಳಗೆ ಹೋಗಿ ಕೂತರೆ ಎಂಜಿನ್ ಸಪ್ಪಳ ಸರಿಯಾಗಿ ತಿಳಿಯುವುದಿಲ್ಲ.

ಮಧ್ಯಾಹ್ನ ಬಾಳು ಬಂದ, ಶೇಡಬಾಳದಿಂದ ಎರಡು ಬಸ್ ಬದಲಿಸಿ. ನೀರು ಕೊಟ್ಟರೂ ಕುಡಿಯದೆ ಗಾಡಿಯ ಮುಂದೆಯೇ ನಿಂತುಕೊಂಡ.

“ಅಣ್ಣಾ, ಕೈ ಮುಗೀತೇನಿ. ಒಮ್ಮೆ ಗಾಡಿ ಬಂದ್ ಮಾಡ್ರಿ. ಹತ್ತೊಂಬತ್ತ ದಿನಾ ಆತು. ಅಪ್ಪ ಇರವಲ್ಲ, ಹೋಗವಲ್ಲ. ಬೆನ್ನೆಲ್ಲಾ ಹುಣ್ಣಾಗೇತಿ. ನಮಗ ನೋಡಾಕ ಆಗವಲ್ದು.”

ಇದು ಕಬ್ಬಿಣ, ಎಣ್ಣೆ, ರಬ್ಬರು. ನಿಮ್ಮಪ್ಪನ ಜೀವ ಇದರಲ್ಲಿ ಎಲ್ಲಿಂದ ಬಂತು, ಕಲಿತ ಹುಡುಗ ಹೀಗೆಲ್ಲ ಆಡಬಾರದು ಎಂದು ತಿಳಿಹೇಳಿದೆ. ಅವನು ಕೇಳಿಸಿಕೊಂಡ.

“ಏನೂ ಇಲ್ಲಂದ್ರ ಬಂದ್ ಮಾಡ್ರಲ್ಲಾ,” ಎಂದ.

ನಾನು ಮನೆಯೊಳಗೆ ಕೈ ತೋರಿಸಿದೆ. ಅವನು ಒಳಗೆ ನೋಡಿದ, ಮಂಚದ ಮೇಲೆ ಅವ್ವ. ಅವನ ಮುಖ ಇಳಿದುಹೋಯಿತು. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಬಸ್ಸಿನ ವೇಳೆಯಾಯಿತೆಂದು ಎದ್ದು ಹೋದ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

೧ ಫೆಬ್ರವರಿ, ಮಂಗಳವಾರ

ದತ್ತಾತ್ರೇಯ ತಾನಾಗಿಯೇ ಬಂದ. ಹೊಸ ಡೈನಮೋ, ಚಾರ್ಜಾದ ಬ್ಯಾಟರಿ, ಎರಡನ್ನೂ ಸ್ಕೂಟರಿಗೆ ಕಟ್ಟಿಕೊಂಡು. ಅರ್ಧ ತಾಸಿನ ಕೆಲಸ, ಆಮೇಲೆ ಬೇಕಾದಾಗ ಬಂದ್ ಮಾಡು, ಬೇಕಾದಾಗ ಚಾಲೂ ಮಾಡು, ಮನುಷ್ಯರ ಹಾಗೆ ಬದುಕು ಎಂದ. ನಾನು ಬಾನೆಟ್ಟಿನ ಮುಂದೆ ನಿಂತುಕೊಂಡೆ. ನಟ್ಟು ಬಿಚ್ಚುವ ಪಾನಾ ಹಿಡಿದ ಅವನ ಕೈಯನ್ನು ನಾನು ತಳ್ಳಿದ್ದು ಇದೇ ಮೊದಲು. ಮೂವತ್ತು ವರ್ಷದ ದೋಸ್ತಿ.

ಆಗ ಅವನು ಸೀಟಿನ ಕಡೆ ಬಗ್ಗಿ ನೋಡಿದ, ದೀಪ ಕಂಡಿತು. ಬ್ಯಾಟರಿಯ ಖಾಲಿ ಗೂಡು ನೋಡಿದ. ಮತ್ತೆ ದೀಪ ನೋಡಿದ. ಯಾವ ವೈರು ಎಲ್ಲಿಗೆ ಹೋಗುತ್ತದೆಂದು ನಿದ್ದೆಯಲ್ಲಿ ಕೇಳಿದರೂ ಹೇಳುವವನು, ಪಾನಾ ಕಿಸೆಗೆ ಹಾಕಿಕೊಂಡ. ತಂದ ಸಾಮಾನನ್ನು ಕಟ್ಟೆಯ ಮೇಲಿಟ್ಟು, ಚಹಾ ಬೇಡವೆಂದು ಸ್ಕೂಟರ್ ಹತ್ತಿದ. ತಿರುವಿನ ತನಕ ಸ್ಕೂಟರನ್ನು ಚಾಲೂ ಮಾಡದೆ ಕಾಲಿನಿಂದ ನೂಕಿಕೊಂಡು ಹೋದ.

ತ್ರಿಶಲಾ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. “ಅತ್ತಿಯವರಿಗೆ ದಿನಾ ಎರಡ ಚಮಚ ನೀರರೆ ಇಳೀತದ. ನಿಮಗ ಅದೂ ಇಲ್ಲ,” ಎಂದಳು. ಸಿಟ್ಟು ಬಂದಾಗ ಅವಳ ಮಾತಿಗೆ ಅಳತೆಯಿರುವುದಿಲ್ಲ. ಭಾನುವಾರ ನಾನು ಚಹಾ ಕುಡಿದಿದ್ದೇನೆ. ಶನಿವಾರ ಇರಬಹುದು.

ಸೋನಲ ನನ್ನ ಹತ್ತಿರ ಬರುವುದಿಲ್ಲ, ಕಟ್ಟೆಯ ಆಚೆಯಿಂದಲೇ ನೋಡುತ್ತಾಳೆ. ಸಪ್ಪಳಕ್ಕೆ ಹೆದರಿರಬೇಕು.

೨ ಫೆಬ್ರವರಿ, ಬುಧವಾರ

ಡಬ್ಬದಿಂದ ಡೀಸೆಲ್ ಹಾಕಿದೆ. ಮತ್ತೇನಿಲ್ಲ.

೪ ಫೆಬ್ರವರಿ, ಶುಕ್ರವಾರ

ಬಾಳು ಮುಂಜಾನೆ ಬಂದಿದ್ದ. ನಿನ್ನೆ ಹೊತ್ತು ಮುಳುಗುವ ಸ್ವಲ್ಪ ಮುಂಚೆ ಜ್ಯೋತೆಪ್ಪನವರು ಹೋದರಂತೆ. ಅವರ ಮನೆ ಮುಂದಿನ ಸಪ್ಪಳ ನಿಂತದ್ದಕ್ಕೆ ಮೊದಲು ಓಣಿಯವರೇ ಹೊರಗೆ ಬಂದರಂತೆ, ಆಮೇಲೆ ಮನೆಯವರು ಒಳಗೆ ನೋಡಿದರಂತೆ. ಅದನ್ನು ಹೇಳಿ, ಕೈ ಮುಗಿಯಬೇಕೆಂದು ಬಂದವನು ನಮ್ಮ ಅಂಗಳದಲ್ಲಿ ಕೂತ ಮಂದಿಯನ್ನು ನೋಡಿ ಅರ್ಥ ಮಾಡಿಕೊಂಡ. ನನ್ನ ಪಕ್ಕದಲ್ಲೇ ಕೂತ. ಉಳಿದವರ ಸುದ್ದಿ ಏನು, ಒಂಬತ್ತು ಮಂದಿ, ನಾನು ಕೇಳಿಲ್ಲ. ಕೇಳುವ ಧೈರ್ಯವಿಲ್ಲ.

ನಿನ್ನೆಯದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಸಂಜೆ ಐದೂವರೆ ಇರಬೇಕು. ತ್ರಿಶಲಾ ಓಡಿ ಬಂದು, ಅತ್ತೆ ಮಾತಾಡುತ್ತಿದ್ದಾರೆ, ನಿಮ್ಮನ್ನು ಕರೆಯುತ್ತಿದ್ದಾರೆ ಎಂದಳು. ಹೋಗಿ ಹೊಸ್ತಿಲಲ್ಲಿ ನಿಂತೆ. ಒಂದು ಕಿವಿ ಅಂಗಳದ ಕಡೆಗೇ ಇತ್ತು.

“ಶ್ರೀಪಾಲಾ, ಆ ಗಾಡಿ ಬಂದ್ ಮಾಡು,” ಎಂದಳು ಅವ್ವ. ದನಿ ಸಣ್ಣದು, ಆದರೆ ಅವಳದೇ.

“ಬಂದ್ ಮಾಡಿದ್ರ ನೀ ಹೋಗತೀ ಯವ್ವಾ,” ಎಂದೆ. ಇಷ್ಟು ದಿನ ಇಲ್ಲಿಯೂ ಬರೆಯದ ಮಾತು ಬಾಯಿಂದ ಬಂದುಬಿಟ್ಟಿತು. ನಾನು ನಂಬಿದ್ದೆ. ಯಾವಾಗಿನಿಂದ ಎಂದು ನನಗೇ ಗೊತ್ತಿಲ್ಲ.

ಅವ್ವ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಅವಳು ಇಷ್ಟು ದಿನ ನೋಡುತ್ತಿದ್ದದ್ದು ಗಾಡಿಯನ್ನಲ್ಲ, ಅದರ ಪಕ್ಕದಲ್ಲಿ ನಿಂತ ನನ್ನನ್ನು ಎಂದು ಆಗ ತಿಳಿಯಿತು.

“ನಾ ಹೋಗಾಕ ಅಂತ ಹೇಳವಲ್ಲೆನೋ. ನೀ ಒಳಗ ಬರಲಿ ಅಂತ ಹೇಳಾಕತ್ತೇನಿ. ಹೆಂಗ ಆಗೀದಿ ನೋಡು. ಹೊತ್ತ ಮುಳಗಾಕ ಬಂತು. ಬಂದ್ ಮಾಡಿ ಬಾ, ನನ್ನ ಮುಂದ ಕುಂತು ಉಣ್ಣು. ನಾ ನೋಡತೇನಿ.”

ಹೋಗಿ ಸೀಟಿನಲ್ಲಿ ಕೂತೆ. ಎಂಜಿನ್ ಬಂದ್ ಮಾಡುವ ಗುಂಡಿ ಎಳೆಯಬೇಕು, ಅಷ್ಟೇ. ಸಾವಿರ ಸಲ ಎಳೆದ ಗುಂಡಿ. ಕೈ ಒಲ್ಲೆ ಎಂದಿತು. ಕೆಂಪು ದೀಪ ನನ್ನ ಮುಖಕ್ಕೆ ಉರಿಯುತ್ತಿತ್ತು. ಬಾಗಿಲೊಳಗಿಂದ ಅವ್ವನ ಕಣ್ಣು ಕಾಣುತ್ತಿದ್ದವು. ಚಿಕ್ಕವನಿದ್ದಾಗ ಆಟ ಬಿಟ್ಟು ಊಟಕ್ಕೆ ಬರದಿದ್ದರೆ ಹೀಗೆಯೇ ನೋಡುತ್ತಿದ್ದಳು, ಕೂಗುತ್ತಿರಲಿಲ್ಲ. ಎರಡೂ ಕೈಯಿಂದ ಎಳೆದೆ.

ಗಾಡಿ ಒಮ್ಮೆ ಮೈ ನಡುಗಿಸಿ ನಿಂತಿತು. ದೀಪ ಆರಿತು.

ಇಪ್ಪತ್ತಮೂರು ದಿನದ ಮೇಲೆ ಬಾವಿಯ ಗಾಲಿಯ ಸಪ್ಪಳ ಕೇಳಿತು, ಯಾರದೋ ಆಡು ಕೂಗಿದ್ದು ಕೇಳಿತು. ಅಡುಗೆಮನೆಯಲ್ಲಿ ತ್ರಿಶಲಾ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಕೇಳಿದ್ದೇ ತಡ, ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗೆ ಹಸಿವಾಯಿತು. ಗಾಡಿಯಿಂದ ಇಳಿದು ಗೋಡೆ ಹಿಡಿದು ಒಳಗೆ ಹೋದೆ. ಅವ್ವ ಇದ್ದಳು. ಉಸಿರಾಡುತ್ತಿದ್ದಳು. ನನಗೆ ಅಳು ಬಂತು, ಅಳುತ್ತಲೇ ಅವಳ ಮಂಚದ ಮುಂದೆ ಕೂತೆ. ತ್ರಿಶಲಾ ತಾಟು ಇಟ್ಟಳು.

ಮೊದಲನೆಯ ರೊಟ್ಟಿ ಹೇಗೆ ಹೋಯಿತೋ ಗೊತ್ತಿಲ್ಲ. ಎರಡನೆಯದು ಬಂತು, ಬಿಸಿ, ಬೆರಳು ಸುಟ್ಟಿತು. ಮೆಲ್ಲಕ ಉಣ್ಣು ಎಂದಳು ಅವ್ವ. ತಲೆ ಬಗ್ಗಿಸಿಕೊಂಡು ತಿಂದೆ. ಬಿಸಿಲು ಹೊಸ್ತಿಲ ಮೇಲಿತ್ತು, ಇನ್ನೂ ವೇಳೆ ಇತ್ತು. ತ್ರಿಶಲಾ ಮೂರನೆಯ ರೊಟ್ಟಿ ತಂದವಳು ಹಾಕದೆ ನಿಂತಳು. ಹಾಕು ಎಂದೆ. ಅವಳು ಬಗ್ಗಿ ತಾಟಿಗೆ ಹಾಕಿ, ಪಲ್ಯವನ್ನೂ ಬಡಿಸಿ, ನನ್ನ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕೂತಳು. ಅದನ್ನೂ ಪೂರ್ತಿ ತಿಂದು, ನೀರು ಕುಡಿದು, ಆಮೇಲೆ ತಲೆ ಎತ್ತಿದೆ.

ಅವ್ವನ ಕಣ್ಣು ನನ್ನ ತಾಟಿನ ಮೇಲೆಯೇ ಇದ್ದವು, ಎದೆ ಏರುತ್ತಿರಲಿಲ್ಲ. ಎಷ್ಟನೆಯ ರೊಟ್ಟಿಯ ತನಕ ನೋಡಿದಳು ಎಂದು ತ್ರಿಶಲಾಳನ್ನು ಕೇಳಿದೆ. ಎರಡನೆಯದು ಮುಗಿಯುವ ತನಕ ಎಂದಳು.